ಊಟಕ್ಕಿಲ್ಲದ ಉಪ್ಪಿನಕಾಯಿ

ಹಣದಲ್ಲಿ ಎರಡು ಜಾತಿಯುಂಟು. ಒಂದು, ಮನೆಯೊಳಗೆ ಕಾಲು ಚಾಚಿ ಕುಳಿತ ಹಣ. ಇನ್ನೊಂದು, ಗಂಟುಮೂಟೆ ಕಟ್ಟಿಕೊಂಡು ಹೊರಡಲು ಸಿದ್ಧವಾಗಿ ನಿಂತ ಹಣ. ಮೊದಲನೆಯದು ಮಕ್ಕಳ ಮುಂದಿನ ಓದಿಗೋ ನಮ್ಮ ಮುಪ್ಪಿಗೋ ಮೀಸಲಾದದ್ದು. ಅದಕ್ಕೆ ಹತ್ತಿಪ್ಪತ್ತು ವರ್ಷಗಳ ಕಾಲಾವಕಾಶವಿದೆ. ನಡುವೆ ಒಮ್ಮೆ ಎಡವಿ ಬಿದ್ದರೂ ಮೈ ಕೊಡವಿಕೊಂಡು ಏಳಬಲ್ಲದು. ಎರಡನೆಯದಕ್ಕೆ ಆ ಭಾಗ್ಯವಿಲ್ಲ. ಮೂರು ತಿಂಗಳಿಗೋ ಆರು ತಿಂಗಳಿಗೋ, ಗೊತ್ತಾದ ಒಂದು ದಿನ, ಗೊತ್ತಾದ ಒಂದು ಬಾಗಿಲಿಗೆ ಅದು ಹೋಗಿ ನಿಲ್ಲಲೇಬೇಕು. ಆ ಬಾಗಿಲು ಕಾಲೇಜಿನದಾಗಿರಬಹುದು, ಕಲ್ಯಾಣಮಂಟಪದ್ದಾಗಿರಬಹುದು, ನೋಂದಣಿ ಕಚೇರಿಯದಾಗಿರಬಹುದು, ಆಸ್ಪತ್ರೆಯದಾಗಿರಬಹುದು. ಕುಳಿತ ಹಣವನ್ನು ಬೆಳೆಸುವ ಬಗೆ ಹೇಳುವವರು ಬೀದಿಗೆ ಹತ್ತು ಮಂದಿ ಸಿಕ್ಕುತ್ತಾರೆ. ಹೊರಟು ನಿಂತ ಹಣವನ್ನು ಆ ಮೂರು ತಿಂಗಳು ಎಲ್ಲಿ ಕೂರಿಸಬೇಕೆಂದು ಹೇಳುವವರು ವಿರಳ. ಆದ್ದರಿಂದ ಇಂದು ಅದರ ಮಾತನ್ನೇ ಆಡಬೇಕೆಂದಿದ್ದೇನೆ.

ಹುಡುಗರಿಗೆ ಷಟ್ಪದಿಯ ಮಾತ್ರೆ ಎಣಿಸುವುದನ್ನು ಕಲಿಸುವ ಕನ್ನಡ ಅಧ್ಯಾಪಕನಿಗೆ ಹಣದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ನಮ್ಮ ನುಡಿಗೂ ನಾಣ್ಯಕ್ಕೂ ನಂಟು ಹಳೆಯದು. 'ಪಣ' ಎಂಬ ಶಬ್ದವೇ ಪಕಾರವು ಹಕಾರವಾಗಿ 'ಹಣ'ವಾಯಿತು. ಪಣವೆಂದರೆ ನಾಣ್ಯವೂ ಹೌದು, ಜೂಜಿನಲ್ಲಿ ಒಡ್ಡುವ ಒತ್ತೆಯೂ ಹೌದು. ಒಂದೇ ಶಬ್ದದ ಹೊಟ್ಟೆಯಲ್ಲಿ ಗಂಟೂ ಇದೆ, ಗಂಡಾಂತರವೂ ಇದೆ. ಈ ಎರಡು ಅರ್ಥಗಳನ್ನು ಬೇರ್ಪಡಿಸಿ ನೋಡುವ ಸಂದರ್ಭ ನಮ್ಮ ಮನೆತನಕ್ಕೆ ಒದಗಿದ್ದು ನನ್ನ ಚಿಕ್ಕಮ್ಮನವರ ಮಂಡಿನೋವಿನಿಂದ.

ಚಿಕ್ಕಮ್ಮನವರಿಗೆ ಎಪ್ಪತ್ತು ದಾಟಿದೆ. ಎರಡು ಮಂಡಿಗಳೂ ಸವೆದಿದ್ದವು. ಮೊದಲು ಬಲಗಾಲು, ಅದು ಹದಕ್ಕೆ ಬಂದ ಮೇಲೆ ಎಡಗಾಲು, ಹೀಗೆ ಎರಡನ್ನೂ ಬದಲಿಸಬೇಕೆಂದು ವೈದ್ಯರು ಹೇಳಿದ್ದರು. ಅದಕ್ಕಾಗಿಯೇ ಅವರು ಕೂಡಿಟ್ಟಿದ್ದ 4,20,000 ರೂಪಾಯಿ ಬಡಾವಣೆಯ ಒಂದು ಸಹಕಾರಿ ಬ್ಯಾಂಕಿನಲ್ಲಿತ್ತು. ಅಲ್ಲಿಯೇ ಏಕೆಂದರೆ ಎರಡು ಕಾರಣ. ದೊಡ್ಡ ಬ್ಯಾಂಕಿಗಿಂತ ಅಲ್ಲಿ ಬಡ್ಡಿ ನೂರಕ್ಕೆ ಒಂದೂವರೆ ರೂಪಾಯಿ ಹೆಚ್ಚು. ಎರಡನೆಯದಾಗಿ, ಆ ಬ್ಯಾಂಕಿನ ಪಿಗ್ಮಿಯವನು ಇಪ್ಪತ್ತು ವರ್ಷಗಳಿಂದ ದಿನವೂ ಬಾಗಿಲಿಗೆ ಬಂದು, ಜಗುಲಿಯಲ್ಲಿ ನೀರು ಕುಡಿದು, ಕ್ಷೇಮ ವಿಚಾರಿಸಿ, ಹಣ ಕಟ್ಟಿಸಿಕೊಂಡು ಹೋಗುತ್ತಿದ್ದ. ಪಿಗ್ಮಿ ಎಂಬುದು ನಮ್ಮ ನಾಡಿನದೇ ಬೆಳೆ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಸಂಗ್ರಹಿಸುವ ಈ ಪದ್ಧತಿಯನ್ನು ಆರಂಭಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ಊರೂರುಗಳಲ್ಲಿ ಉಳಿದಿದೆ. ಬಾಗಿಲಿಗೆ ಬರುವ ಮನುಷ್ಯನ ಮುಖವನ್ನು ನಂಬಿ ಹಣ ಕೊಡುವುದು ತಪ್ಪಲ್ಲ. ಆದರೆ ಮುಖ ಅವನದು, ಲೆಕ್ಕದ ಪುಸ್ತಕ ಬ್ಯಾಂಕಿನದು. ಎರಡೂ ಒಂದೇ ಅಲ್ಲ.

ಬಲಗಾಲಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಅದಕ್ಕೆ ಎರಡು ವಾರ ಮುಂಚೆ, ಆ ಬ್ಯಾಂಕಿನ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿದೆ ಎಂಬ ಸುದ್ದಿ ಬೆಳಗಿನ ಪತ್ರಿಕೆಯಲ್ಲಿ ಬಂತು. ಒಬ್ಬೊಬ್ಬರು ಕೆಲವು ಸಾವಿರ ರೂಪಾಯಿಗಳಿಗಿಂತ ಹೆಚ್ಚು ತೆಗೆಯುವಂತಿಲ್ಲ. ನಾನು ಹೋಗುವ ಹೊತ್ತಿಗೆ ಬ್ಯಾಂಕಿನ ಮುಂದಿನ ಸಾಲು ತಿರುವಿನ ಹಾಲಿನ ಬೂತಿನವರೆಗೆ ಬೆಳೆದಿತ್ತು. ಸಾಲಿನಲ್ಲಿದ್ದವರಲ್ಲಿ ಹೆಚ್ಚಿನವರು ನರೆಗೂದಲಿನವರು. ಕೂಗಾಟವೇನೂ ಇರಲಿಲ್ಲ. ಎಲ್ಲರ ಕೈಯಲ್ಲೂ ಪಾಸ್ ಪುಸ್ತಕ, ಎಲ್ಲರ ಬಾಯಲ್ಲೂ ಮೌನ. ಕೂಗಾಟಕ್ಕಿಂತ ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು.

ಚಿಕ್ಕಮ್ಮನ ಹಣ ಮುಳುಗಲಿಲ್ಲ. ಈ ಮಾತನ್ನು ಒತ್ತಿ ಹೇಳಬೇಕು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಚ್ಚಿದಾಗ ಎಷ್ಟೋ ಮನೆಗಳು ತತ್ತರಿಸಿದವು. ಅಂಥ ಅನುಭವದ ಫಲವಾಗಿಯೇ 1962ರಲ್ಲಿ ಠೇವಣಿ ವಿಮೆಯ ಏರ್ಪಾಡು ಜಾರಿಗೆ ಬಂತು. ಆಗ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ದೊರೆಯುತ್ತಿದ್ದ ರಕ್ಷಣೆ 1,500 ರೂಪಾಯಿ ಮಾತ್ರ. 1993ರಲ್ಲಿ ಅದು ಒಂದು ಲಕ್ಷವಾಗಿ, 2020ರ ಫೆಬ್ರವರಿಯಲ್ಲಿ ಐದು ಲಕ್ಷಕ್ಕೇರಿತು. ಹೀಗೆ ನಿರ್ಬಂಧಕ್ಕೊಳಗಾದ ಬ್ಯಾಂಕುಗಳ ಠೇವಣಿದಾರರಿಗೆ ತೊಂಬತ್ತು ದಿನಗಳೊಳಗೆ ವಿಮೆಯ ಹಣ ಸಲ್ಲಬೇಕೆಂದು 2021ರಲ್ಲಿ ಕಾನೂನಿಗೆ ತಿದ್ದುಪಡಿಯೂ ಆಯಿತು. ಚಿಕ್ಕಮ್ಮನ ಗಂಟು ಐದು ಲಕ್ಷದ ಒಳಗಿದ್ದುದರಿಂದ ಅಸಲೂ ಬಡ್ಡಿಯೂ ಸೇರಿ ಪೂರ್ತಿಯಾಗಿ ಕೈಸೇರಿತು.

ಆದರೆ ಆಸ್ಪತ್ರೆಯವರು ತೊಂಬತ್ತು ದಿನ ಕಾಯುತ್ತಾರೆಯೇ? ಚಿಕ್ಕಮ್ಮ ತಮ್ಮ ತಾಯಿಯ ಕಾಲದ ನಾಲ್ಕು ಬಳೆಗಳನ್ನೂ ಒಂದು ಸರವನ್ನೂ ಗಿರವಿ ಇಟ್ಟು ಎರಡು ಲಕ್ಷ ಹೊಂದಿಸಿದರು. ನಾಲ್ಕು ತಿಂಗಳ ಮೇಲೆ ಒಡವೆ ಬಿಡಿಸಿಕೊಳ್ಳುವಾಗ ಬಡ್ಡಿಯೇ ಆರು ಸಾವಿರವಾಗಿತ್ತು. ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಒಂದೂವರೆ ರೂಪಾಯಿ ಹೆಚ್ಚಿನ ದರದಿಂದ ಅವರಿಗೆ ವರ್ಷವೊಂದಕ್ಕೆ ಬರುತ್ತಿದ್ದ ಅಧಿಕ ಲಾಭ 6,300 ರೂಪಾಯಿ. ಒಂದು ವರ್ಷ ಗಳಿಸಿದ್ದು ನಾಲ್ಕು ತಿಂಗಳಲ್ಲಿ ಗಿರವಿ ಅಂಗಡಿಗೆ ಸಂದಿತು.

ವಿಮೆಯ ಹಣ ಖಾತೆಗೆ ಬಿದ್ದ ದಿನ ನಾನು ಸಂತೋಷದಿಂದ, "ನೋಡಿದಿರಾ ಚಿಕ್ಕಮ್ಮ, ಒಂದು ಕಾಸೂ ಹೋಗಲಿಲ್ಲ" ಎಂದೆ.

ಅವರು ಬಲಗಾಲನ್ನು ನಿಧಾನವಾಗಿ ಮಡಿಸುತ್ತಾ, "ಹೋಗಲಿಲ್ಲ ಕಣಪ್ಪಾ, ನಿಜ. ಆದ್ರೆ ಊಟಕ್ಕಿಲ್ಲದ ಉಪ್ಪಿನಕಾಯಿ ಆಮೇಲೆ ಭರಣಿ ತುಂಬ ಬಂದರೇನು?" ಎಂದರು.

ಅರ್ಥಶಾಸ್ತ್ರದ ದೊಡ್ಡ ಗ್ರಂಥಗಳಲ್ಲಿ ನಾನು ಆಮೇಲೆ ಓದಿ ತಿಳಿದದ್ದೆಲ್ಲ ಈ ಒಂದು ಗಾದೆಯಲ್ಲಿ ಅಡಕವಾಗಿದೆ. ಹಣ ಭದ್ರವಾಗಿರುವುದು ಬೇರೆ, ಹೊತ್ತಿಗೆ ಒದಗುವುದು ಬೇರೆ. ನಾವು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ವಿಚಾರಿಸುತ್ತೇವೆ.

ಹೊತ್ತಿಗೆ ಒದಗುವ ಹಣಕ್ಕೆಂದೇ ಜಗತ್ತಿನಲ್ಲಿ ಒಂದು ಪೇಟೆಯಿದೆ. ಅದನ್ನು ಇಂಗ್ಲಿಷಿನಲ್ಲಿ ಮನಿ ಮಾರ್ಕೆಟ್ ಎನ್ನುವರು. ನಮ್ಮ ಕಾಲೇಜಿನ ವಾಣಿಜ್ಯ ವಿಭಾಗದ ಮಿತ್ರರೊಬ್ಬರು ಅದನ್ನು 'ಹಣದ ಮಂಡಿ' ಎಂದು ಕನ್ನಡಿಸಿ, "ನಿಮ್ಮ ಚಿಕ್ಕಮ್ಮನ ಮಂಡಿಗೂ ಇದಕ್ಕೂ ಸಂಬಂಧವಿದೆ" ಎಂದು ನಕ್ಕರು. ಬೆಲ್ಲದ ಮಂಡಿ, ತೆಂಗಿನಕಾಯಿ ಮಂಡಿಗಳಂತೆ ಇದಕ್ಕೆ ಬೀದಿಯಿಲ್ಲ, ಬಾಗಿಲಿಲ್ಲ. ಟೆಲಿಫೋನು, ಕಂಪ್ಯೂಟರುಗಳ ಮೂಲಕ ನಡೆಯುವ ವ್ಯಾಪಾರ. ಷೇರುಪೇಟೆಯ ಗದ್ದಲವೂ ಇಲ್ಲಿಲ್ಲ. ಇಲ್ಲಿ ಮಾರಾಟವಾಗುವ ಸರಕು ಒಂದೇ: ಸ್ವಲ್ಪ ಕಾಲದ ಮಟ್ಟಿಗೆ ಹಣದ ಬಳಕೆ. ಆ ಕಾಲ ಒಂದು ರಾತ್ರಿಯಿಂದ ಒಂದು ವರ್ಷದೊಳಗೆ.

ಇದರ ಮೂಲರೂಪ ನಮ್ಮ ಹೆಂಗಸರಿಗೆ ಚೆನ್ನಾಗಿ ಗೊತ್ತು. ಸಂಜೆ ನೆಂಟರು ಬಂದಾಗ ಡಬ್ಬಿಯಲ್ಲಿ ಸಕ್ಕರೆ ತೀರಿರುತ್ತದೆ. ಪಕ್ಕದ ಮನೆಯಿಂದ ಒಂದು ಲೋಟ ಕಡ ತಂದು, ಮಾರನೆಯ ದಿನ ತುಸು ತಲೆತುಂಬ ಹಿಂದಿರುಗಿಸುತ್ತಾರೆ. ಬ್ಯಾಂಕುಗಳೂ ಹೀಗೆಯೇ ಮಾಡುತ್ತವೆ. ದಿನದ ಕೊನೆಗೆ ಒಂದು ಬ್ಯಾಂಕಿನಲ್ಲಿ ಹಣ ಮಿಕ್ಕಿರುತ್ತದೆ, ಇನ್ನೊಂದರಲ್ಲಿ ಕಡಿಮೆ ಬಿದ್ದಿರುತ್ತದೆ. ಮಿಕ್ಕವರು ಕೊರತೆಯವರಿಗೆ ಒಂದು ರಾತ್ರಿಯ ಮಟ್ಟಿಗೆ ಕೈಗಡ ಕೊಡುವರು. ಕರೆದೊಡನೆ ಬರುವ ಹಣವೆಂಬ ಅರ್ಥದಲ್ಲಿ ಇದಕ್ಕೆ ಕಾಲ್ ಮನಿ ಎಂದು ಹೆಸರು. ಲೋಟದ ಸಕ್ಕರೆ ಇಲ್ಲಿ ಕೋಟಿಗಳ ಲೆಕ್ಕದಲ್ಲಿರುತ್ತದೆ, ಅಷ್ಟೆ.

ಈ ಮಂಡಿಯ ಅತ್ಯಂತ ಗಟ್ಟಿ ಸರಕೆಂದರೆ ಸರ್ಕಾರದ ಖಜಾನೆ ಹುಂಡಿ. ಇದನ್ನು ಟ್ರೆಷರಿ ಬಿಲ್ ಎಂದೂ ಕರೆಯುವರು. ಇದರ ಹುಟ್ಟಿನ ಕಥೆ ಸಾಹಿತ್ಯದವನಾದ ನನಗೆ ವಿಶೇಷವಾಗಿ ಹಿಡಿಸಿತು. ಷೇಕ್ಸ್‌ಪಿಯರನ ಮೇಲೆ ಪ್ರಬಂಧ ಬರೆದ ವಾಲ್ಟರ್ ಬ್ಯಾಜೆಟ್ ಎಂಬ ಇಂಗ್ಲಿಷ್ ಲೇಖಕನೇ 1873ರಲ್ಲಿ ಲಂಡನ್ನಿನ ಹಣದ ಪೇಟೆಯನ್ನು ಕುರಿತು 'ಲೊಂಬಾರ್ಡ್ ಸ್ಟ್ರೀಟ್' ಎಂಬ ಪುಸ್ತಕವನ್ನೂ ಬರೆದ. ಸರ್ಕಾರಕ್ಕೆ ಅಲ್ಪಾವಧಿಯ ಸಾಲ ಬೇಕಾದಾಗ ವರ್ತಕರು ಬಳಸುವ ಹುಂಡಿಯ ಮಾದರಿಯನ್ನೇ ಅನುಸರಿಸಬೇಕೆಂದು ಅವನು ಕೊಟ್ಟ ಸಲಹೆಯಿಂದ 1877ರಲ್ಲಿ ಬ್ರಿಟನ್ನಿನಲ್ಲಿ ಖಜಾನೆ ಹುಂಡಿ ಹುಟ್ಟಿತು. ಭಾರತಕ್ಕೆ ಅದು ಬಂದದ್ದು 1917ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ.

ಇಂದು ಭಾರತ ಸರ್ಕಾರ 91, 182 ಮತ್ತು 364 ದಿನಗಳ ಹುಂಡಿಗಳನ್ನು ಹೊರಡಿಸುತ್ತದೆ. ರಿಸರ್ವ್ ಬ್ಯಾಂಕು ಇವುಗಳನ್ನು ಸಾಮಾನ್ಯವಾಗಿ ಬುಧವಾರಗಳಂದು ಹರಾಜು ಹಾಕುತ್ತದೆ. ಇವುಗಳಿಗೆ ಬಡ್ಡಿಯೆಂಬುದು ಪ್ರತ್ಯೇಕವಾಗಿಲ್ಲ. ನೂರು ರೂಪಾಯಿಯ ಹುಂಡಿಯನ್ನು ನೂರಕ್ಕಿಂತ ಕಡಿಮೆಗೆ ಕೊಳ್ಳುವುದು, ಗಡುವಿನ ದಿನ ಪೂರ್ತಿ ನೂರು ಪಡೆಯುವುದು. 91 ದಿನದ ಹುಂಡಿ 98 ರೂಪಾಯಿ 36 ಪೈಸೆಗೆ ಸಿಕ್ಕಿತೆಂದು ಇಟ್ಟುಕೊಳ್ಳೋಣ. 1 ರೂಪಾಯಿ 64 ಪೈಸೆ ಲಾಭ. ವರ್ಷದ ಲೆಕ್ಕದಲ್ಲಿ ಅದು ನೂರಕ್ಕೆ ಸುಮಾರು 6.7 ಆಗುತ್ತದೆ. ಹಿಂದೆ ಇದು ದೊಡ್ಡ ಸಂಸ್ಥೆಗಳ ವ್ಯವಹಾರವಾಗಿತ್ತು. 2021ರ ನವೆಂಬರ್ 12ರಂದು ರಿಸರ್ವ್ ಬ್ಯಾಂಕು 'ರಿಟೇಲ್ ಡೈರೆಕ್ಟ್' ಎಂಬ ಯೋಜನೆಯನ್ನು ಆರಂಭಿಸಿದ ಮೇಲೆ, ಹತ್ತು ಸಾವಿರ ರೂಪಾಯಿಯುಳ್ಳ ಯಾವ ಗೃಹಸ್ಥನಾದರೂ ಮನೆಯಲ್ಲೇ ಕುಳಿತು ನೇರವಾಗಿ ಕೊಳ್ಳಬಹುದಾಗಿದೆ. ಒಂದು ಎಚ್ಚರಿಕೆ: ಗಡುವಿಗೆ ಮುಂಚೆ ಮಾರಲು ಅವಕಾಶವಿದ್ದರೂ ಸಣ್ಣ ಮೊತ್ತಕ್ಕೆ ಕೊಳ್ಳುವವರು ಬೇಕೆಂದಾಗಲೆಲ್ಲ ಸಿಕ್ಕುವರೆಂಬ ಭರವಸೆಯಿಲ್ಲ. ಆದ್ದರಿಂದ ಹುಂಡಿಯ ಗಡುವು ನಮ್ಮ ಅಗತ್ಯದ ದಿನಕ್ಕಿಂತ ಮುಂಚೆಯೇ ಬರುವಂತಿರಬೇಕು.

ಮಂಡಿಯಲ್ಲಿ ಇತರ ಸರಕುಗಳೂ ಇವೆ. ಬ್ಯಾಂಕುಗಳು ದೊಡ್ಡ ಠೇವಣಿಗೆ ಕೊಡುವ ಸರ್ಟಿಫಿಕೇಟ್ ಆಫ್ ಡಿಪಾಜಿಟ್ 1989ರಲ್ಲಿಯೂ, ಕಂಪನಿಗಳು ಬರೆದುಕೊಡುವ ಕಮರ್ಷಿಯಲ್ ಪೇಪರ್ ಎಂಬ ಸಾಲಪತ್ರ 1990ರಲ್ಲಿಯೂ ನಮ್ಮ ದೇಶಕ್ಕೆ ಬಂದವು. ಇವನ್ನು ಲಕ್ಷಗಳ ಲೆಕ್ಕದಲ್ಲಿ ಕೊಳ್ಳಬೇಕಾದ್ದರಿಂದ ನಮ್ಮಂಥವರಿಗೆ ನೇರವಾಗಿ ಎಟುಕುವುದಿಲ್ಲ. ಹಲವರ ಹಣ ಒಟ್ಟುಗೂಡಿಸಿ ಇವುಗಳನ್ನು ಕೊಳ್ಳುವ ಮ್ಯೂಚುಯಲ್ ಫಂಡುಗಳುಂಟು. ಒಂದು ದಿನದ ಗಡುವಿನ ಸಾಲಗಳಲ್ಲಿ ಮಾತ್ರ ತೊಡಗಿಸುವುದು ಓವರ್‌ನೈಟ್ ಫಂಡ್. 91 ದಿನ ಮೀರದ ಪತ್ರಗಳಲ್ಲಿ ತೊಡಗಿಸುವುದು ಲಿಕ್ವಿಡ್ ಫಂಡ್. ಒಂದು ವರ್ಷದವರೆಗಿನದು ಮನಿ ಮಾರ್ಕೆಟ್ ಫಂಡ್. ಲಿಕ್ವಿಡ್ ಫಂಡಿನಿಂದ ಏಳು ದಿನ ತುಂಬುವ ಮೊದಲೇ ತೆಗೆದರೆ ಅತ್ಯಲ್ಪ ಕಡಿತವುಂಟು. ಆಮೇಲೆ ಅದೂ ಇಲ್ಲ. ಕೇಳಿದ ಹಣ ಸಾಮಾನ್ಯವಾಗಿ ಮಾರನೆಯ ಕೆಲಸದ ದಿನ ಖಾತೆಗೆ ಬರುತ್ತದೆ. ಆದರೆ ಬ್ಯಾಂಕಿನ ಠೇವಣಿಗಿರುವ ವಿಮೆ ಇವಕ್ಕಿಲ್ಲ.

ಅಪಾಯ ಕಡಿಮೆ ಎಂದರೆ ಅಪಾಯವೇ ಇಲ್ಲವೆಂದಲ್ಲ. ಮನಿ ಮಾರ್ಕೆಟ್ ಫಂಡನ್ನು 1971ರಲ್ಲಿ ಅಮೆರಿಕದಲ್ಲಿ ಮೊದಲು ತಂದದ್ದು ರಿಸರ್ವ್ ಎಂಬ ಸಂಸ್ಥೆ. ಒಂದು ಡಾಲರು ಇಟ್ಟರೆ ಒಂದು ಡಾಲರಿಗೆ ಕಡಿಮೆಯಾಗದು ಎಂಬುದು ಅದರ ಹೆಗ್ಗಳಿಕೆ. 2008ರ ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ದಿವಾಳಿಯೆದ್ದಿತು. ಅದರ ಸಾಲಪತ್ರಗಳನ್ನು 78 ಕೋಟಿ 50 ಲಕ್ಷ ಡಾಲರಿನಷ್ಟು ಕೊಂಡಿದ್ದ ಇದೇ ಸಂಸ್ಥೆಯ ಫಂಡು ಮರುದಿನವೇ ಡಾಲರಿಗೆ 97 ಸೆಂಟಿಗೆ ಇಳಿಯಿತು. ಇಳಿದದ್ದು ಮೂರು ಸೆಂಟು. ನಡುಗಿದ್ದು ಇಡೀ ಪೇಟೆ. ನಮ್ಮಲ್ಲಿ 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಸಂಸ್ಥೆ ತನ್ನ ಆರು ಸಾಲನಿಧಿಗಳನ್ನು ಒಮ್ಮೆಗೇ ಮುಚ್ಚಿತು. ಅವು ಲಿಕ್ವಿಡ್ ಫಂಡುಗಳಲ್ಲ. ತುಸು ಹೆಚ್ಚು ಬಡ್ಡಿಯಾಸೆಗೆ ತುಸು ಕಡಿಮೆ ದರ್ಜೆಯ ಸಾಲಪತ್ರಗಳನ್ನು ಕೊಂಡಿದ್ದಂಥವು. ಮುಂದಿನ ವರ್ಷಗಳಲ್ಲಿ ಹಣ ಕಂತುಕಂತಾಗಿ ಹಿಂದಿರುಗಿತು. ಆದರೆ ಅಷ್ಟರೊಳಗೆ ಎಷ್ಟು ಮನೆಗಳ ಎಷ್ಟು ಊಟಗಳು ಉಪ್ಪಿನಕಾಯಿಯಿಲ್ಲದೆ ಮುಗಿದಿರಬಹುದು!

ಇನ್ನು ಚಿಕ್ಕಮ್ಮನ ಎಡಗಾಲಿನ ಮಾತು. ಒಡವೆ ಬಿಡಿಸಿಕೊಂಡ ಮೇಲೆ ಉಳಿದದ್ದು 2,14,000 ರೂಪಾಯಿ. ಶಸ್ತ್ರಚಿಕಿತ್ಸೆಗೆ ನಾಲ್ಕು ತಿಂಗಳಿತ್ತು. ಭಾನುವಾರ ಊಟವಾದ ಮೇಲೆ ಮನೆಯ ಹಿರಿಕಿರಿಯರೆಲ್ಲ ಸೇರಿ ಸಭೆ ನಡೆಸಿದರು. ಚಿಕ್ಕಮ್ಮನ ಮಗ ಷೇರು ಎಂದ. ಅತ್ತಿಗೆ ಚಿನ್ನ ಎಂದರು. ಅಳಿಯಂದಿರು ಒಂದು ಸೌಹಾರ್ದ ಸೊಸೈಟಿಯ ಹೆಸರು ಹೇಳಿ, "ಅತ್ತೆ, ಅಲ್ಲಿ ನೂರಕ್ಕೆ ಹನ್ನೊಂದು ಕೊಡುತ್ತಾರೆ. ಅಧ್ಯಕ್ಷರು ನನಗೆ ಪರಿಚಯದವರು" ಎಂದರು.

ಅಂಥ ಪತ್ತಿನ ಸಂಘಗಳಲ್ಲಿ ಇಡುವ ಠೇವಣಿಗೆ ಬ್ಯಾಂಕಿನ ಠೇವಣಿಯ ವಿಮೆ ಅನ್ವಯಿಸುವುದಿಲ್ಲವೆಂಬುದನ್ನು ನಾನು ಹೇಳಿದೆ. ಅಳಿಯಂದಿರು ಒಪ್ಪಲಿಲ್ಲ, ಹನ್ನೊಂದೆಲ್ಲಿ, ಆರೂಮುಕ್ಕಾಲಿಗಿಂತ ಕಡಿಮೆಯೆಲ್ಲಿ ಎಂದರು. ಆಗ ಕಾಗದ ತೆಗೆದುಕೊಂಡು ಎಲ್ಲರ ಮುಂದೆ ಲೆಕ್ಕ ಬರೆದೆ. ಒಂದೂವರೆ ಲಕ್ಷಕ್ಕೆ ಮೂರು ತಿಂಗಳಿಗೆ ಹನ್ನೊಂದರಂತೆ ಬಡ್ಡಿ 4,125 ರೂಪಾಯಿ. ಖಜಾನೆ ಹುಂಡಿಯಲ್ಲಾದರೆ 2,460 ರೂಪಾಯಿ. ವ್ಯತ್ಯಾಸ 1,700 ರೂಪಾಯಿಗೂ ಕಡಿಮೆ. ಅದಕ್ಕಾಗಿ ಪಣಕ್ಕೊಡ್ಡುವುದು ಒಂದೂವರೆ ಲಕ್ಷ ರೂಪಾಯಿಯನ್ನೂ ಒಂದು ಕಾಲನ್ನೂ.

ದರವನ್ನು ವರ್ಷದ ಲೆಕ್ಕದಲ್ಲಿ ಹೇಳುವುದರಿಂದ ಹನ್ನೊಂದು ನಮಗೆ ಬೆಟ್ಟದಂತೆ ಕಾಣುತ್ತದೆ. ಅವಧಿ ಕಿರಿದಾದಷ್ಟೂ ಬಡ್ಡಿಯ ಅಂತರವೂ ಕಿರಿದಾಗುತ್ತಾ ಹೋಗುತ್ತದೆ. ಅಸಲಿಗೆ ಬರಬಹುದಾದ ಗಂಡಾಂತರದಲ್ಲಿ ಮಾತ್ರ ಅಂಥ ರಿಯಾಯಿತಿಯಿಲ್ಲ. ಮುಳುಗುವ ದೋಣಿ ಮೂರು ತಿಂಗಳ ಪಯಣಿಗನನ್ನೂ ಮೂವತ್ತು ವರ್ಷದವನನ್ನೂ ಒಂದೇ ಸಮನಾಗಿ ಮುಳುಗಿಸುತ್ತದೆ. ಅಲ್ಪಕಾಲದ ಹಣದ ವಿಚಾರದಲ್ಲಿ ದೊಡ್ಡ ಬಡ್ಡಿಯನ್ನು ಅರಸುವುದು ವ್ಯಾಪಾರದ ದೃಷ್ಟಿಯಿಂದಲೂ ಲಾಭವಲ್ಲ.

ಚಿಕ್ಕಮ್ಮ ಕಾಗದವನ್ನು ಕನ್ನಡಕದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಮೂರೇ ಪ್ರಶ್ನೆ.

"ಈ ಹುಂಡಿ ಅನ್ನೋದ್ರಲ್ಲಿ ನನ್ನ ದುಡ್ಡು ತಗೊಳ್ಳೋವ್ರು ಯಾರು?"

"ಭಾರತ ಸರ್ಕಾರ."

"ಯಾವತ್ತು ವಾಪಸು ಕೊಡ್ತಾರೆ?"

"ತೊಂಬತ್ತೊಂದನೆಯ ದಿನ. ಹದಿಮೂರು ವಾರ ಸರಿಯಾಗಿ. ಕೊಟ್ಟ ವಾರವೇ ಹಿಂದಿರುಗುವ ವಾರ."

"ಅಕಸ್ಮಾತ್ ಅದಕ್ಕೆ ಮುಂಚೆ ಬೇಕಾದ್ರೆ?"

"ಅದಕ್ಕೇ ಪೂರ್ತಿ ಹಣವನ್ನು ಅಲ್ಲಿಡುವುದು ಬೇಡ. ಅರವತ್ತು ಸಾವಿರದಷ್ಟು ದೊಡ್ಡ ಬ್ಯಾಂಕಿನ ಉಳಿತಾಯ ಖಾತೆಯಲ್ಲೇ ಇರಲಿ. ಬಡ್ಡಿ ಕಡಿಮೆ, ಆದರೆ ರಾತ್ರಿ ಹನ್ನೆರಡಕ್ಕೂ ಕೈಗೆ ಬರುತ್ತದೆ."

ಈ ಮೂರು ಪ್ರಶ್ನೆಗಳಿಗೆ ಮೀರಿದ ನಾಲ್ಕನೆಯದನ್ನು ನಾನು ಇದುವರೆಗೆ ಯಾವ ಪುಸ್ತಕದಲ್ಲಿಯೂ ಕಂಡಿಲ್ಲ. ಯಾರಿಗೆ ಕೊಡುತ್ತೇನೆ, ಎಂದು ಬರುತ್ತದೆ, ಮುಂಚೆ ಬೇಕಾದರೆ ಏನು ದಾರಿ? ಉತ್ತರ ಸ್ಪಷ್ಟವಿಲ್ಲದ ಕಡೆ ಹೊರಟು ನಿಂತ ಹಣವನ್ನು ಇಡಲಾಗದು.

ಒಂದೂವರೆ ಲಕ್ಷದ ಹುಂಡಿಗಾಗಿ ಚಿಕ್ಕಮ್ಮನ ಖಾತೆಯಿಂದ 1,47,540 ರೂಪಾಯಿ ಹೋಯಿತು. ಅರ್ಜಿ ತುಂಬುವುದು, ಪ್ಯಾನ್ ಕಾರ್ಡು ತೋರಿಸುವುದು, ಮೊಬೈಲಿಗೆ ಬಂದ ಸಂಖ್ಯೆಗಳನ್ನು ಒತ್ತುವುದು, ಇವೆಲ್ಲ ಮೊಮ್ಮಗಳ ಕೆಲಸವಾಯಿತು. ಬ್ಯಾಂಕಿನ ಆರು ತಿಂಗಳ ಮುದ್ದತ್ತು ಠೇವಣಿಯಾಗಿದ್ದರೂ ನಷ್ಟವೇನಿರಲಿಲ್ಲ. ನಡುವೆ ಮುರಿದರೆ ಬಡ್ಡಿಯಲ್ಲಿ ಒಂದಿಷ್ಟು ಕಡಿತವಾಗುತ್ತಿತ್ತು, ಅಷ್ಟೆ. ಆದರೆ ಚಿಕ್ಕಮ್ಮನಿಗೆ ಹುಂಡಿಯೇ ಹಿಡಿಸಿತು. ಹದಿಮೂರು ವಾರಗಳ ಕಾಲ ಅವರು ಬಂದವರಿಗೆಲ್ಲ, "ಸರ್ಕಾರಕ್ಕೆ ನಾನು ಸಾಲ ಕೊಟ್ಟಿದ್ದೀನಿ, ಗೊತ್ತೇ?" ಎಂದು ಹೇಳಿ ಬೀಗಿದರು. ಗಡುವಿನ ದಿನ ಒಂದೂವರೆ ಲಕ್ಷವೂ ಖಾತೆಗೆ ಬಂದು ಬಿತ್ತು. ನಿಗದಿಯಾದ ದಿನವೇ ಎಡಗಾಲಿನ ಚಿಕಿತ್ಸೆಯೂ ಆಯಿತು. ಬಳೆಗಳು ಕೈಯಲ್ಲೇ ಇದ್ದವು. ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುವಾಗ ದಾದಿಯರು ಬಿಚ್ಚಿಸಿದಾಗ ಮಾತ್ರ ಅವು ನನ್ನ ಹೆಂಡತಿಯ ಕೈಗೆ ಬಂದವು.

ಇದರಿಂದ ಯಾರೂ ಶ್ರೀಮಂತರಾಗಲಿಲ್ಲ. 2,460 ರೂಪಾಯಿಯಲ್ಲಿ ಏನಾಗುತ್ತದೆ? ಬೆಲೆಗಳ ಏರಿಕೆಯನ್ನೂ ತೆರಿಗೆಯನ್ನೂ ಕಳೆದರೆ ಅದು ಇನ್ನೂ ಚಿಕ್ಕದಾಗುತ್ತದೆ. ಹಣದ ಮಂಡಿ ಸಂಪತ್ತು ಬೆಳೆಯುವ ಹೊಲವಲ್ಲ. ಬೆಳೆದದ್ದು ಬೇಕಾದ ದಿನದವರೆಗೆ ಹಾಳಾಗದಂತೆ ಕಾಯುವ ಕಣಜ. ಕಣಜದಲ್ಲಿ ಭತ್ತ ಹೆಚ್ಚಲಿಲ್ಲವೆಂದು ಯಾವ ರೈತನೂ ದೂರುವುದಿಲ್ಲ. ಇಲಿ ತಿನ್ನದಿದ್ದರೆ ಸಾಕು, ಬೇಕಾದಾಗ ಬಾಯಿ ತೆರೆದರೆ ಸಾಕು ಎನ್ನುತ್ತಾನೆ. ಹೊಲವನ್ನು ಕಣಜವೆಂದೂ ಕಣಜವನ್ನು ಹೊಲವೆಂದೂ ಭ್ರಮಿಸುವುದರಿಂದಲೇ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಅರ್ಧ ಸಂಕಟ ಹುಟ್ಟುತ್ತದೆ.

ವಾಚಕರಲ್ಲಿ ನನ್ನದೊಂದು ಸಣ್ಣ ವಿನಂತಿ. ಇಂದು ರಾತ್ರಿ ಊಟವಾದ ಮೇಲೆ ಗಂಡಹೆಂಡಿರಿಬ್ಬರೂ ಒಂದು ಹಾಳೆ ತೆಗೆದುಕೊಂಡು, ಬರುವ ಹನ್ನೆರಡು ತಿಂಗಳಲ್ಲಿ ಯಾವ ದಿನ ಎಷ್ಟು ಹಣ ಬೇಕಾದೀತೆಂದು ಬರೆಯಿರಿ. ಅದರ ಮುಂದೆ, ಆ ಹಣ ಈಗ ಎಲ್ಲಿದೆಯೆಂದು ಬರೆಯಿರಿ. ಎರಡು ಸಾಲುಗಳೂ ಹೊಂದಿಕೊಂಡರೆ ದೀಪ ಆರಿಸಿ ನಿಶ್ಚಿಂತೆಯಿಂದ ಮಲಗಿ. ಹೊಂದದಿದ್ದರೆ ನಾಳೆ ಬೆಳಗ್ಗೆಯೇ ಬ್ಯಾಂಕಿಗೆ ಹೋಗಿ ಬನ್ನಿ. ಸಾಲು ಹಾಲಿನ ಬೂತಿನವರೆಗೆ ಬೆಳೆದ ಮೇಲೆ ಹೋಗಿ ಫಲವಿಲ್ಲ.